ನೀರುಗಂಟಿಯ ಕೈತುತ್ತು

ಆ ಕೆಲಸದಲ್ಲಿದ್ದಷ್ಟು ಕಾಲ ನಾನು ಸೈಕಲ್ಲನ್ನು ಊರ ಹೊರಗಿನ ಯಾವುದಾದರೂ ಮರಕ್ಕೆ ಒರಗಿಸಿ, ನಡೆದುಕೊಂಡೇ ಹಳ್ಳಿಯೊಳಕ್ಕೆ ಹೋಗುತ್ತಿದ್ದೆ. ನನ್ನ ಸೈಕಲ್ಲು ಯಾರ ಮನೆ ಮುಂದೆ ನಿಂತರೂ ಆ ಮನೆಯ ಹೆಣ್ಣುಮಕ್ಕಳಿಗೆ ಗಂಡು ಸಿಗುವುದು ಕಷ್ಟವಾಗುತ್ತಿತ್ತು. ನಾನು ಹಳ್ಳಿಹಳ್ಳಿಯಲ್ಲಿ ಕುಷ್ಠರೋಗ ಹುಡುಕಿ ಮಾತ್ರೆ ಕೊಡುವ ನೌಕರ. ಕಡೂರಿನಲ್ಲಿ ಒಂದು ಬಾಡಿಗೆ ಕೋಣೆ. ಹೆಗಲಿಗೊಂದು ಖಾಕಿ ಚೀಲ, ಅದರಲ್ಲಿ ಹತ್ತಿ, ಗುಂಡುಸೂಜಿ, ಬಿಸಿನೀರು ತಣ್ಣೀರು ತುಂಬಲು ಗಾಜಿನ ನಳಿಗೆಗಳು, ಮಾತ್ರೆಯ ಡಬ್ಬ. ಅಜ್ಜಂಪುರದ ನನ್ನ ಮಾವನ ಮನೆಯವರಿಗೆ ಮಾತ್ರ ನಾನು ಮಲೇರಿಯಾ ಆಫೀಸಿನವನು. ಹೆಣ್ಣು ನೋಡಲು ಹೋದಾಗ ಹಾಗೆ ಹೇಳಿಬಿಟ್ಟಿದ್ದೆ, ಆಮೇಲೆ ತಿದ್ದಲು ಬಾಯಿ ಬರಲಿಲ್ಲ. ಹಬ್ಬಕ್ಕೆ ಹೋದಾಗ ಮಾವ ಸೊಳ್ಳೆಯ ವಿಚಾರ ತೆಗೆದರೆ ನಾನೂ ಗಂಭೀರವಾಗಿ ಕೂತು ಸೊಳ್ಳೆಯ ವಿಚಾರವೇ ಮಾತಾಡುತ್ತಿದ್ದೆ.

ಹಳ್ಳಿಯಲ್ಲಿ ನನ್ನ ಭಾಷಣ ಬೇರೆ ಇತ್ತು. ಇದು ಯಾವ ಶಾಪವೂ ಅಲ್ಲ, ಎಲ್ಲ ಕಾಯಿಲೆಯ ಹಾಗೆ ಇದೂ ಒಂದು, ಮಾತ್ರೆ ತಿಂದರೆ ಗುಣವಾಗುತ್ತದೆ, ರೋಗಿಯನ್ನು ದೂರ ಮಾಡಬೇಡಿ, ಜೊತೆಗೆ ಕೂರಿಸಿಕೊಂಡು ಉಣ್ಣಿ. ಇಷ್ಟನ್ನೂ ಚಾವಡಿಯಲ್ಲಿ ನಿಂತು ಹೇಳಿ, ಬಾಯಾರಿದರೆ ಚೀಲದಲ್ಲಿದ್ದ ನನ್ನ ಸೀಸೆಯ ನೀರನ್ನೇ ಕುಡಿಯುತ್ತಿದ್ದೆ.

ಸಿಂಗಟಗೆರೆ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಮಾತ್ರೆ ತಿನ್ನುತ್ತಿದ್ದವಳು ಒಬ್ಬಳೇ ಮುದುಕಿ. ರೋಗ ಅವಳಲ್ಲಿ ಎಂದೋ ಆರಿಹೋಗಿತ್ತು, ಮರುಕಳಿಸದಿರಲೆಂದು ಮಾತ್ರೆ ನಡೆಯುತ್ತಿತ್ತು. ಕೈಬೆರಳು ಮಡಿಚಿಕೊಂಡು, ತುದಿಗಳು ಸವೆದುಹೋಗಿದ್ದವು. ಊರ ಕೊನೆಯ ಮನೆಯಲ್ಲಿ ಒಂದು ಎಮ್ಮೆ ಕಟ್ಟಿಕೊಂಡು ಬದುಕುತ್ತಿದ್ದಳು. ಹಾಲನ್ನು ಯಾರೂ ಕೊಳ್ಳುತ್ತಿರಲಿಲ್ಲವಾದ್ದರಿಂದ ಮಜ್ಜಿಗೆ ಅವಳ ಮನೆಯಲ್ಲಿ ಧಾರಾಳ. ಹೋದಾಗಲೆಲ್ಲ, "ಒಂದ್ ಲೋಟ ಮಜ್ಗೆ ಕುಡೀರಿ ಸಾಮಿ, ಬಿಸ್ಲಲ್ ಬಂದಿದೀರಿ" ಅನ್ನುತ್ತಿದ್ದಳು. "ಈಗಷ್ಟೇ ಊಟ ಆಯ್ತು ಅಜ್ಜಿ" ಅನ್ನುತ್ತಿದ್ದೆ. ಅವಳು ಮತ್ತೆ ಒತ್ತಾಯ ಮಾಡುತ್ತಿರಲಿಲ್ಲ, ಮುಂದಿನ ಸಲ ಕೇಳುವುದನ್ನು ಬಿಡುತ್ತಲೂ ಇರಲಿಲ್ಲ.

ಆ ಊರ ನೀರುಗಂಟಿಗೆ 'ಅದು' ಬಂದಿದೆ ಎಂಬ ಸುದ್ದಿ ಚಾವಡಿಯಲ್ಲೇ ನನ್ನ ಕಿವಿಗೆ ಬಿತ್ತು. ನೀರುಗಂಟಿಯೆಂದರೆ ಕೆರೆಯ ತೂಬಿನ ಗೂಟ ಎತ್ತಿ ನೀರು ಬಿಡುವವನು, ಸರದಿಯ ಪ್ರಕಾರ ಗದ್ದೆಗದ್ದೆಗೂ ಕಾಲುವೆ ತಿರುಗಿಸುವವನು. ಅವನ ಕೈ ತಾಕದ ನೀರು ಯಾರ ಗದ್ದೆಗೂ ಹೋಗುವುದಿಲ್ಲ. ಕೈಬೆರಳು ಸೊಟ್ಟಗಾಗುತ್ತಿವೆ ಎಂದು ಯಾರೋ ನೋಡಿದ್ದರು. ಕಾಲುವೆಗೆ ಕಾಲಿಡಬೇಡ ಅಂದುಬಿಟ್ಟಿದ್ದರು. ಅದಕ್ಕಿಂತ ದೊಡ್ಡ ಪೆಟ್ಟೆಂದರೆ, ಚೌಳಹಿರಿಯೂರು ಕಡೆ ಕೊಟ್ಟಿದ್ದ ಅವನ ಒಬ್ಬಳೇ ಮಗಳನ್ನು ಬೀಗರು ತಂದು ಬಾಗಿಲಲ್ಲಿ ಬಿಟ್ಟು, ನೀರು ಸಹ ಮುಟ್ಟದೆ ಗಾಡಿ ತಿರುಗಿಸಿಕೊಂಡು ಹೋಗಿದ್ದರು.

ನಾನು ಹೋದಾಗ ಅವನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ನೀವು ಬಂದ್ರಿ ಅಂದ್ರೆ ಇನ್ ಮುಗ್ದಂಗೇಯ. ನಮ್ಮನೇಲಿ ಅಂತಾದ್ದೇನೂ ಇಲ್ಲ, ಹೋಗಿ" ಅಂದಳು. ಒಳಗಿನಿಂದ ಅವನೇ, "ಬರ್ಲಿ ಬಿಡೇ. ಇನ್ನೇನ್ ಉಳ್ದೈತೆ ಹೋಗಾಕೆ" ಅಂದ. ಧ್ವನಿ ಮೂಗಿನಲ್ಲಿ ಬರುತ್ತಿತ್ತು. ನೆಗಡಿ ಇರಬೇಕು ಅಂದುಕೊಂಡೆ.

ಸೆಕೆಯಲ್ಲೂ ಅವನು ಕಂಬಳಿ ಹೊದ್ದು ಬಲಗೈಯನ್ನು ಅದರೊಳಗೆ ಇಟ್ಟುಕೊಂಡಿದ್ದ. ಕೈ ತೋರಿಸು ಅಂದರೆ ನಾಚಿಕೆಯಿಂದ ಮುಖವನ್ನು ಗೋಡೆಯ ಕಡೆ ತಿರುಗಿಸಿ ಕೈಯೊಂದನ್ನೇ ಮುಂದಕ್ಕೆ ಚಾಚಿದ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಕರಗಿ ಅಲ್ಲೊಂದು ಗುಂಡಿ ಬಿದ್ದಿತ್ತು. ಬೆರಳು ಬಾಗಿದ್ದವು. ನಮಗೆ ತರಬೇತಿಯಲ್ಲಿ ತೋರಿಸಿದ್ದು ಇಂಥದೇ ಕೈ. ಒಳ್ಳೆಯ ಕೇಸು ಸಿಕ್ಕಿತು ಎಂದು ಒಂದು ಕ್ಷಣ ಖುಷಿಯೇ ಆಯಿತು.

ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯನ್ನು ಬೆರಳ ತುದಿಗೆ, ಅಂಗೈ ಅಂಚಿಗೆ, ಮೊಣಕೈವರೆಗೆ ಒಂದೊಂದೇ ಕಡೆ ತಾಕಿಸುತ್ತ ಹೋದೆ. ತಾಕಿಸಿದ ಕಡೆಯಲ್ಲೆಲ್ಲ ಅವನು ಇನ್ನೊಂದು ಕೈಯಿಂದ ಮುಟ್ಟಿ ತೋರಿಸಿದ, ಒಂದೂ ತಪ್ಪಲಿಲ್ಲ. ಸೂಜಿ ಇಟ್ಟರೆ "ಚುಚ್ತೀರಲ್ಲ ಸಾಮಿ" ಅಂದ. ಬಿಸಿನೀರ ನಳಿಗೆ ಯಾವುದು, ತಣ್ಣೀರಿನದು ಯಾವುದು ಎಂದು ಸರಿಯಾಗಿ ಹೇಳಿದ. ಕುಷ್ಠದಲ್ಲಿ ಮೊದಲು ಸಾಯುವುದು ಸ್ಪರ್ಶ, ಇವನಲ್ಲಿ ಅದೊಂದು ಗಟ್ಟಿಯಾಗಿ ಉಳಿದಿತ್ತು. ಮೊಣಕೈಯ ಹಿಂದೆ ನರ ಹಿಡಿದು ನೋಡಿದೆ. ಕುಷ್ಠದಲ್ಲಿ ಅದು ಹಗ್ಗದ ಹಾಗೆ ದಪ್ಪವಾಗಿ ಸಿಗಬೇಕು. ಇಲ್ಲಿ ನನ್ನ ಕೈಯಲ್ಲಿದ್ದಷ್ಟೇ ಇತ್ತು. ಮೈಮೇಲೆ ಒಂದೂ ಮಚ್ಚೆ ಇಲ್ಲ. ಏನೋ ತಪ್ಪುಮಾಡಿದೆ ಅಂದುಕೊಂಡು ಎಲ್ಲವನ್ನೂ ಮೊದಲಿನಿಂದ ಮಾಡಿದೆ, ಉತ್ತರ ಬದಲಾಗಲಿಲ್ಲ.

ಚೀಲ ಕಟ್ಟುವಾಗ ಬಾಗಿಲಿಂದ ಬಿಸಿಲು ಓರೆಯಾಗಿ ಅವನ ತೋಳಿನ ಮೇಲೆ ಬಿತ್ತು. ಅವನು ತೋಳನ್ನು ಸುಮ್ಮನೆ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಚರ್ಮದ ಕೆಳಗೆ ಅಲ್ಲೊಮ್ಮೆ ಇಲ್ಲೊಮ್ಮೆ ಮಾಂಸ ತಾನಾಗಿ ಮಿಡುಕುತ್ತಿತ್ತು, ನಿಂತ ನೀರಿನಲ್ಲಿ ಸಣ್ಣ ಮೀನು ಮೇಲೆ ಬಂದು ಬಾಯಿ ಹಾಕಿ ಹೋದ ಹಾಗೆ. ಹೆಗಲಲ್ಲೂ ಅದೇ. ಕೇಳಿದರೆ, "ಅದು ಯಾವಾಗ್ಲೂ ಅಂಗೇಯ, ನೋವಿಲ್ಲ. ಎಡಗಾಲ್ ಚಪ್ಲಿ ಮಾತ್ರ ಗೊತ್ತಾಗ್ದಂಗೆ ಕಳ್ಚೋಗ್ತದೆ. ರಾತ್ರಿ ಮೀನಖಂಡ ಹಿಡ್ಕಂತದೆ" ಅಂದ. ನನಗೆ ಇದರ ತಲೆಬುಡ ತಿಳಿಯಲಿಲ್ಲ. ಕಡೂರಿಗೆ ವಾರಕ್ಕೊಮ್ಮೆ ನಮ್ಮ ಡಾಕ್ಟರು ಬರುತ್ತಿದ್ದರು, ಆ ದಿನ ಕರೆದುಕೊಂಡು ಬನ್ನಿ ಎಂದು ಹೆಂಡತಿಗೆ ಹೇಳಿ ಬಂದೆ.

ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಅವರು ನನ್ನ ಹತ್ತಿ ಸೂಜಿಯನ್ನು ಮುಟ್ಟಲೇ ಇಲ್ಲ. ಬೆಂಚಿನ ಮೇಲೆ ಕೂರಿಸಿ ರಬ್ಬರಿನ ಸುತ್ತಿಗೆ ತೆಗೆದರು. ಅಷ್ಟು ಸೊರಗಿದ ತೋಳು ಸುತ್ತಿಗೆ ತಾಗಿದರೆ ಸುಮ್ಮನಿರಬೇಕು, ಅದು ಎಗರಿ ಬಿತ್ತು. ಮಂಡಿಗೆ ತಾಗಿಸಿದರೆ ಕಾಲು ಒದೆಯಿತು. ಅಂಗಾಲಿಗೆ ಕೀಲಿಕೈಯಿಂದ ಗೀರಿದರೆ ಹೆಬ್ಬೆರಳು ಕೆಳಕ್ಕೆ ಮಡಿಯುವ ಬದಲು ಮೇಲಕ್ಕೆದ್ದಿತು. ಆಮೇಲೆ, "ಬಾಯಿ ತೆರಿಯಪ್ಪಾ. ನಾಲಿಗೆ ಹೊರಗೆ ಹಾಕ್ಬೇಡ, ಒಳಗೇ ಸುಮ್ನೆ ಇಟ್ಕೋ" ಎಂದು ಬ್ಯಾಟರಿ ಬಿಟ್ಟು, ನನ್ನನ್ನೂ ಬಗ್ಗಿ ನೋಡಲು ಕರೆದರು. ನಾಲಿಗೆ ಇದ್ದಲ್ಲೇ ಇತ್ತು, ಆದರೆ ಅದರ ಮೇಲ್ಮೈಯೆಲ್ಲ ಸಣ್ಣಗೆ ಹರಿದಾಡುತ್ತಿತ್ತು. ಡಾಕ್ಟರು ಬ್ಯಾಟರಿ ಆರಿಸಿ ಕನ್ನಡಕ ತೆಗೆದು ಒರೆಸಿಕೊಂಡರು.

ಹೊರಗೆ ವರಾಂಡದಲ್ಲಿ ನನಗೆ ಹೇಳಿದರು. "ಇದು ನಮ್ಮ ಕಾಯಿಲೆ ಅಲ್ಲ ಕಣ್ರೀ. ಮೋಟಾರ್ ನ್ಯೂರಾನ್ ಡಿಸೀಸ್. ಮಾಂಸಕ್ಕೆ ಅಪ್ಪಣೆ ಕೊಡೋ ನರಕೋಶಗಳು ಮಿದುಳಲ್ಲಿ ಒಂದಷ್ಟಿವೆ, ಬೆನ್ನುಹುರಿಯಲ್ಲಿ ಒಂದಷ್ಟಿವೆ. ಎರಡು ಕಡೆಯವೂ ಸಾಯ್ತಾ ಇವೆ. ಬೆನ್ನುಹುರಿಯವು ಸತ್ರೆ ಮಾಂಸ ಸೊರಗಿ ಮಿಡುಕ್ತದೆ. ಮೇಲಿನವು ಸತ್ರೆ ಸುತ್ತಿಗೆಗೆ ಹೀಗೆ ಎಗರ್ತದೆ. ಒಂದೇ ತೋಳಲ್ಲಿ ಎರಡೂ ಇದ್ದು, ಮುಟ್ಟಿದ್ದು ಗೊತ್ತಾಗೋದು ಮಾತ್ರ ಸರಿಯಾಗಿದ್ರೆ ಬೇರೆ ಹೆಸರು ಹುಡುಕೋದು ಕಷ್ಟ. ನಾಲಿಗೆ ನೋಡಿದ್ರಲ್ಲ, ಇನ್ನು ಗಂಟಲು. ಆಮೇಲೆ ಉಸಿರು."

"ಔಷಧ ಏನು ಸಾರ್?" ಅಂದೆ.

"ಇಲ್ಲ."

ಅವರು, ಬುದ್ಧಿ ಕೊನೆಯವರೆಗೂ ಚೆನ್ನಾಗಿರ್ತದೆ, ಅದೇ ಸಂಕಟ ಅಂದರು. ಅಂಟುವ ಕಾಯಿಲೆ ಅಲ್ಲ, ಮಕ್ಕಳಿಗೂ ಸಾಮಾನ್ಯವಾಗಿ ಬರುವುದಿಲ್ಲ. ಕತ್ತಿನ ಮೂಳೆ ಹುರಿಯನ್ನು ಒತ್ತಿದರೂ ಕೆಲವೊಮ್ಮೆ ಹೀಗೆ ಕಾಣಬಹುದು, ಹಾಗಿದ್ದರೆ ಆಪರೇಷನ್ ಉಂಟು, ಬೆಂಗಳೂರಿಗೆ ಹೋಗಿ ಆ ಆಸೆಯನ್ನೂ ಸರಿಯಾಗಿ ಮುಗಿಸಿಕೊಂಡು ಬನ್ನಿ ಅಂದರು.

ಗಂಡ ಹೆಂಡತಿಯನ್ನು ಕರೆದುಕೊಂಡು ಕಡೂರಿನಿಂದ ರೈಲು ಹತ್ತಿದೆ. ಎದುರು ಕೂತಿದ್ದವರೊಬ್ಬರು ಕಂಬಳಿಯೊಳಗಿನ ಕೈಯನ್ನೇ ನೋಡುತ್ತ, "ಕೈಗೇನಾಗಿದೆ?" ಅಂದರು. ನಾನು ತಡಮಾಡದೆ "ಎತ್ತು ತುಳೀತು" ಅಂದೆ. ಸುಳ್ಳು ಹೇಳುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕತ್ತಿಗೆ ಎಕ್ಸ್‌ರೇ ತೆಗೆದರು, ರಕ್ತ ನೋಡಿದರು, ಬೆನ್ನಿನಿಂದ ನೀರು ತೆಗೆದು ನೋಡಿದರು. ಮೂಳೆ ಎಲ್ಲೂ ಒತ್ತಿರಲಿಲ್ಲ, ರಕ್ತದಲ್ಲಿ ದೋಷವಿರಲಿಲ್ಲ. ನಮ್ಮ ಡಾಕ್ಟರು ವರಾಂಡದಲ್ಲಿ ಹೇಳಿದ ಹೆಸರನ್ನೇ ಅವರೂ ಹೇಳಿ ಕಳಿಸಿದರು.

ವಾಪಸು ಬರುವಾಗ ಹೆಂಡತಿ ಕೇಳಿದ್ದು ಒಂದೇ ಮಾತು. "ಅದಲ್ಲ ತಾನೇ?"

"ಅದಲ್ಲ" ಅಂದೆ.

ಅವಳು ರೈಲಿನಲ್ಲೇ ಕೈಮುಗಿದು ಅತ್ತಳು. ಊರಿಗೆ ಬಂದ ಕೂಡಲೇ ಮಗಳ ಕೈಗೆ ಬಳೆ ತೊಡಿಸಿದಳು, ಬೀಗರಿಗೆ ಹೇಳಿ ಕಳಿಸಿದಳು. ಊರಲ್ಲಿ ಬಾಯಿಬಾಯಿಗೂ ನಾನು ಒಳ್ಳೆಯವನಾದೆ. ಎಷ್ಟೋ ವರ್ಷದಿಂದ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದವರು ಬನ್ನಿ ಕೂತ್ಕೊಳ್ಳಿ ಅನ್ನತೊಡಗಿದರು. ನನಗೋ ಆ ಊರಿಗೆ ಹೋಗಲು ಕಾಲೇ ಬರುತ್ತಿರಲಿಲ್ಲ. ಕುಷ್ಠವಾಗಿದ್ದರೆ ಮಾತ್ರೆ ನನ್ನ ಚೀಲದಲ್ಲೇ ಇತ್ತು. ಅದಲ್ಲ ಎಂದು ಊರೆಲ್ಲ ಸಂತೋಷಪಡುತ್ತಿದ್ದುದಕ್ಕೆ ನನ್ನ ಹತ್ತಿರ ಕೊಡಲು ಒಂದು ಹೆಸರು ಬಿಟ್ಟರೆ ಏನೂ ಇರಲಿಲ್ಲ.

ನೀರುಗಂಟಿ ನನ್ನನ್ನು ಕೆರೆ ಏರಿಯ ಮೇಲೆ ಹಿಡಿದ. ಕಾಲೆಳೆದುಕೊಂಡು ಅಲ್ಲಿಯವರೆಗೆ ಬಂದು ಕಾಯುತ್ತಿದ್ದ. "ಎಲ್ರೂ ಅದಲ್ಲ ಅಂತೀರಿ. ಏನು ಅಂತ ಯಾರೂ ಅನ್ನಾಕಿಲ್ಲ. ಮಾತ್ರೆನಾದ್ರೂ ಯಾವಾಗ ಕೊಡ್ತೀರಿ?" ಅಂದ.

ಡಾಕ್ಟರು ಮುಂದಿನ ವಾರ ಬರುತ್ತಾರೆ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಬಾಯಿಯವರೆಗೂ ಅದು ಬಂದಿತ್ತು. ಆದರೆ ಅವನು ನನ್ನ ಮುಖವನ್ನೇ ನೋಡುತ್ತಿದ್ದ, ನಾನು ಹೇಳಿಬಿಡುವುದು ಎಂದು ತೀರ್ಮಾನಿಸಿದೆ. ಅವನಿಗೆ ತಿಳಿಯುವಂತೆ ಹೇಳಲು ಎದುರಿಗೆ ಕೆರೆಯೇ ಇತ್ತು. ಕೆರೆಯಲ್ಲಿ ನೀರಿದೆ, ಗದ್ದೆಯೂ ಇದೆ, ನಡುವಿನ ಕಾಲುವೆಗಳು ಒಂದೊಂದಾಗಿ ಮುಚ್ಚಿಹೋಗುತ್ತಿವೆ, ನೀರು ಹೋಗದ ಗದ್ದೆ ಒಣಗುತ್ತದೆ ಅಂದೆ. ಮೊದಲು ಕೈಯ ಕಾಲುವೆ, ಈಗ ಕಾಲಿನದು, ಗಂಟಲಿನದೂ ಶುರುವಾಗಿದೆ.

"ಕಡಿದು ಬಿಡ್ಸಾಕಾಗಲ್ವಾ?"

"ಆಗಲ್ಲ. ಬೆಂಗಳೂರಲ್ಲೂ ಆಗಲ್ಲ."

ಅವನು ತೂಬಿನ ಕಡೆ ತಿರುಗಿ ಕೂತ. ಆಮೇಲೆ ಕೇಳಿದ್ದು ಅವನ ವಿಚಾರವಲ್ಲ. "ಮಗೀಗೆ ಬತ್ತದಾ?" ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ ಅಂದೆ. "ಅಂಗಾದ್ರೆ ಇದು ನಮ್ಮಿಬ್ರಲ್ಲೇ ಇರ್ಲಿ ಸಾಮಿ. ಅವ್ಳು ಗಂಡನ್ ಮನೆ ಸೇರೋಗಂಟ ಯಾರ್ಗೂ ಯೋಳ್ಬ್ಯಾಡಿ, ನಮ್ಮೋಳಿಗೂವೆ" ಅಂದ. ನಾನು ಒಪ್ಪಿಕೊಂಡೆ.

ಬೀಗರು ಬಂದರು. ಮಗಳ ಮಾವ ಗಟ್ಟಿ ಆಸಾಮಿ, ನಾಲ್ಕು ಜನ ದೊಡ್ಡವರನ್ನೂ ಜೊತೆಗೆ ತಂದಿದ್ದ. ಜಗಲಿಯ ಮೇಲೆ ಕೂತರೇ ಹೊರತು ಕೊಟ್ಟ ನೀರನ್ನು ಮುಟ್ಟಲಿಲ್ಲ. ನಾನು ಸರ್ಕಾರದ ಪರವಾಗಿ ಎದ್ದು ನಿಂತು, ಪರೀಕ್ಷೆ ಮಾಡಿದ್ದೇವೆ, ಇವನಿಗೆ ಕುಷ್ಠವಿಲ್ಲ ಎಂದು ಹೇಳಿದೆ.

ಮಾವ ಅಂದ, "ನೀವ್ ಬಾಯಲ್ಲಿ ಯೋಳ್ತೀರಿ ಸಾಮಿ, ಚೀಟೀನೂ ಬರ್ದ್ ಕೊಡ್ತೀರಿ. ನಾಳೆ ನಮ್ಮೂರ್ನೋರು ಅದ್ನ ಕೇಳಾಕಿಲ್ಲ. ನೀವು ಆ ಕಾಯ್ಲೇಲೇ ಓಡಾಡೋರು, ಅದ್ರ ಮರ್ಮ ಬಲ್ಲೋರು. ಇವ್ನ ಕೈಯಿಂದ ಒಂದ್ ತುತ್ತು ನೀವ್ ಉಣ್ಣಿ. ನೀವ್ ಉಂಡ್ರೆ ನಾವೂ ಉಣ್ತೀವಿ, ಇವತ್ತೇ ಸೊಸೇನ ಕರ್ಕೊಂಡ್ ಹೋಗ್ತೀವಿ."

ಅವರೂ ನಾವೂ ಒಂದೇ ಪಂಕ್ತಿಯಲ್ಲಿ ಉಣ್ಣುವ ಜನ, ಬೇರೆ ಅಡ್ಡಿ ಇರಲಿಲ್ಲ. ಆಗಲಿ ಅಂದೆ. ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ಬಂತು. ಮಗಳು ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಬೀದಿಯಲ್ಲಿ ಊರೇ ಸೇರಿತ್ತು.

ನೀರುಗಂಟಿ ಮುದ್ದೆಗೆ ಕೈ ಹಾಕಿದ. ಮುದ್ದೆ ಮುರಿಯಲು ಹೆಬ್ಬೆರಳು ಬೇಕು. ಅವನ ಹೆಬ್ಬೆರಳು ಮಿಕ್ಕ ಬೆರಳಿನ ಕಡೆಗೆ ಬರುತ್ತಲೇ ಇರಲಿಲ್ಲ. ಒಮ್ಮೆ ಜಾರಿತು. ಇನ್ನೊಮ್ಮೆ ಹಿಡಿದ, ಚೂರು ಸಾರಿನೊಳಕ್ಕೆ ಬಿತ್ತು. ಮಾವನ ಕಣ್ಣು ಆ ಕೈ ಬಿಟ್ಟು ಕದಲಲಿಲ್ಲ, ಜೊತೆಗೆ ಬಂದವರಲ್ಲಿ ಒಬ್ಬ ಆಗಲೇ ಟವೆಲ್ ಕೊಡವಿ ಏಳುವುದರಲ್ಲಿದ್ದ. ನೀರುಗಂಟಿಯ ಹಣೆಯಲ್ಲಿ ಬೆವರಿತ್ತು. ಅವನು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದು, ಬಾಗಿದ ಬೆರಳುಗಳನ್ನೇ ಸವಟಿನ ಹಾಗೆ ಮಾಡಿ ಒಂದು ತುತ್ತು ಎತ್ತಿದ. ಅರ್ಧಕ್ಕೇ ನಿಂತ ಆ ಕೈಗೆ ನಾನೇ ಕತ್ತು ಬಗ್ಗಿಸಿ ಬಾಯೊಡ್ಡಿದೆ. ಅವನ ಬೆರಳು ನನ್ನ ತುಟಿಗೆ ತಾಗಿತು. ನುಂಗಿದೆ. ಎಲ್ಲರಿಗೂ ಕಾಣಲಿ ಎಂದು ಬಾಯಿ ತೆರೆದೂ ತೋರಿಸಿದೆ.

ಜನ ಗುಜುಗುಜು ಅಂದರು, ನಕ್ಕರು. ಮಾವ, "ಸರಿ, ಎಲೆ ಹಾಕ್ಸಪ್ಪಾ" ಅಂದ. ನಾನು ಬಹಳ ದೊಡ್ಡ ಕೆಲಸ ಮಾಡಿದವನ ಹಾಗೆ ತಲೆ ಎತ್ತಿದೆ. ಆಗ ಬೀದಿಯ ಆಚೆ ಗೋಡೆಗೆ ಒರಗಿ ನಿಂತಿದ್ದ ಮಜ್ಜಿಗೆಯ ಮುದುಕಿ ಕಂಡಳು. ಎಲ್ಲರ ಹಾಗೆ ಅವಳೂ ನೋಡಲು ಬಂದಿದ್ದಳು. ನಾನು ಕಂಡದ್ದು ಗೊತ್ತಾದ ಕೂಡಲೇ ಎರಡೂ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

ಕುಷ್ಠವಿಲ್ಲದವನ ಕೈಯಿಂದ ಮಾತ್ರ ಉಣ್ಣಬಹುದು ಎಂದು ನಾನು ಊರ ಮುಂದೆ ನಿಂತು ಸಾರಿದ್ದೆ. ವರ್ಷಗಟ್ಟಲೆ ಬಾಯಲ್ಲಿ ಹೇಳಿದ್ದನ್ನೆಲ್ಲ ಅದೇ ಬಾಯಿಂದ ಒಂದು ತುತ್ತಿನಲ್ಲಿ ನುಂಗಿಹಾಕಿದ್ದೆ. ಬೇರೆ ದಾರಿಯಿತ್ತೇ ಅಂದರೆ ಇರಲಿಲ್ಲ, ಆ ಹುಡುಗಿ ಅಂದು ಸಂಜೆಯೇ ಗಾಡಿ ಹತ್ತಿ ಗಂಡನ ಮನೆಗೆ ಹೋದಳು. ಹಾಗಂತ ನನ್ನ ನಾಚಿಕೆಯೇನೂ ಕಡಿಮೆಯಾಗಲಿಲ್ಲ.

ಮುಂದಿನ ಸಲ ಮಾತ್ರೆ ಕೊಡಲು ಹೋದಾಗ ಮುದುಕಿ ಮಾತ್ರೆ ತೆಗೆದುಕೊಂಡಳು, ಮಜ್ಜಿಗೆಯ ಮಾತೆತ್ತಲಿಲ್ಲ. ಅದರ ಮುಂದಿನ ಸಲವೂ ಇಲ್ಲ.

ಡಾಕ್ಟರು ಹೇಳಿದ ಕ್ರಮದಲ್ಲೇ ಕಾಯಿಲೆ ನಡೆಯಿತು. ಎಡಗೈಯೂ ಹೋಯಿತು, ಆಮೇಲೆ ಕಾಲುಗಳು. ಕತ್ತು ನಿಲ್ಲದೆ ತಲೆ ಎದೆಯ ಮೇಲೆ ಬೀಳುತ್ತಿತ್ತು. ನೀರು ಕುಡಿದರೆ ಮೂಗಿಗೆ ಬರುತ್ತಿತ್ತು. ನಾನು ವಾರವಾರವೂ ಹೋಗಿ, ಡಾಕ್ಟರು ಹೇಳಿಕೊಟ್ಟಂತೆ ಅಂಬಲಿಯನ್ನು ಗಟ್ಟಿಯಾಗಿ ಕಾಯಿಸುವುದು, ಗಲ್ಲ ಎದೆಗೆ ತಾಗುವಂತೆ ಬಗ್ಗಿಸಿ ನುಂಗಿಸುವುದು, ಮಗ್ಗುಲು ಬದಲಾಯಿಸುವುದು ಇವನ್ನು ಅವನ ಹೆಂಡತಿಗೆ ತೋರಿಸಿದೆ. ಕೊನೆಗೆ ಅವಳಿಗೂ ನಿಜ ಹೇಳಬೇಕಾಯಿತು. ಅವಳು ಅಳಲಿಲ್ಲ, ನನ್ನ ಕಡೆ ನೋಡಿ, "ಅದೇ ಆಗಿದ್ರೆ ಬದುಕ್ತಿದ್ರು ಅಲ್ವಾ" ಅಂದಳು. ನೀರುಗಂಟಿಕೆಗೆ ರೈತರು ಕೊಡುವ ಕಾಳಿನ ಆಯ ಬೇರೆಯವರಿಗೆ ಹೋಗಿತ್ತು, ಅವಳು ಕೂಲಿಗೆ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಹೋದಾಗ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮುದುಕಿ ಕೂತಿದ್ದಳು. ಅವನ ಬೆನ್ನಿಗೆ ಕಂಬಳಿ ಸುತ್ತಿ ಒರಗಿಸಿ, ಮಡಿಚಿದ ಬೆರಳಿಗೆ ಚಮಚ ಸಿಕ್ಕಿಸಿ ಬಟ್ಟೆಯಿಂದ ಬಿಗಿದುಕೊಂಡು ಅಂಬಲಿ ಕುಡಿಸುತ್ತಿದ್ದಳು. ಅವಳ ಕೈಗೆ ಬಿಸಿ ತಿಳಿಯದು. ಆದ್ದರಿಂದ ಪ್ರತಿ ಸಲವೂ ಬಟ್ಟಲನ್ನು ಕೆನ್ನೆಗೆ ಒತ್ತಿ ನೋಡಿ ಆಮೇಲೆ ಚಮಚ ಮುಳುಗಿಸುತ್ತಿದ್ದಳು. ಇನ್ಯಾರೂ ಬರದಿದ್ದುದಕ್ಕೆ ಅವನ ಹೆಂಡತಿಯೇ ಹೋಗಿ ಕರೆದಿದ್ದಳಂತೆ.

ಅವನು ನನ್ನನ್ನು ನೋಡಿ ಏನೋ ಅಂದ. ಮಾತು ಪೂರ್ತಿ ಕಲಸಿಹೋಗಿತ್ತು, ಮುದುಕಿಗೆ ಮಾತ್ರ ತಿಳಿಯುತ್ತಿತ್ತು. "ಮಗ್ಳು ಬಸ್ರಿಯಂತೆ. ಅವತ್ ನೀವ್ ತನ್ ಕೈಲಿ ಉಂಡಿದ್ದು ಸಾರ್ಥಕ ಆಯ್ತು ಅಂತ ನಿಮ್ಗೆ ಯೋಳು ಅಂತಾವ್ನೆ" ಅಂದಳು. ಅವನ ಕಣ್ಣು ನಗುತ್ತಿತ್ತು. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

ಮುದುಕಿ ಬಟ್ಟಲು ತೊಳೆದು ಮನೆಗೆ ಹೊರಟಾಗ ಮಾತ್ರೆ ಕೊಡುವ ನೆಪದಲ್ಲಿ ಹಿಂದೆಯೇ ಹೋದೆ. ಅವಳ ಮನೆಯ ಒಳಗೆ ನಿಂತು, "ಅಜ್ಜಿ, ಒಂದು ಲೋಟ ಮಜ್ಜಿಗೆ ಕೊಡಿ" ಅಂದೆ.

ಅವಳು ಒಳಗೆ ಹೋಗಿ ಎರಡೂ ಕೈಯ ನಡುವೆ ಲೋಟ ಹಿಡಿದು ತಂದಳು. ನಾನು ತೆಗೆದುಕೊಂಡು, ಬಾಗಿಲ ಮರೆಗೆ ಸರಿದು ಎತ್ತಿದೆ.

"ಒಳಗ್ ಬ್ಯಾಡಿ ಸಾಮಿ" ಅಂದಳು. "ಜಗ್ಲಿ ಮ್ಯಾಲ್ ನಿಂತ್ಕಂಡ್ ಕುಡೀರಿ. ಅವತ್ ಉಂಡ್ರಲ್ಲ, ಅಂಗೆ."

ಹೊರಗೆ ಹೊಲದಿಂದ ಬರುತ್ತಿದ್ದವರು, ಬಾವಿಗೆ ಹೋಗುತ್ತಿದ್ದ ಹೆಂಗಸರು, ಬೀದಿ ತುಂಬ ಜನ. ಅಜ್ಜಂಪುರದ ಸಂತೆಗೆ ಹೋಗಿಬರುವವರೂ ಅವರಲ್ಲಿ ಇದ್ದರು, ನನ್ನ ಮಾವನ ಮನೆಗೆ ಈ ಸುದ್ದಿ ಮುಟ್ಟಲು ಬಹಳ ದಿನ ಬೇಕಿರಲಿಲ್ಲ. ಲೋಟ ಹಿಡಿದುಕೊಂಡು ಹೊಸ್ತಿಲ ಒಳಗೆ ಸ್ವಲ್ಪ ಹೊತ್ತು ನಿಂತೆ. ಅವಳು ಕಾಯುತ್ತಿದ್ದಳು.

ಜಗಲಿಗೆ ಬಂದೆ. ಮಜ್ಜಿಗೆ ಹುಳಿಯಾಗಿತ್ತು. ಲೋಟ ಖಾಲಿಯಾಗುವವರೆಗೂ ನಾನು ತಲೆ ಎತ್ತಲಿಲ್ಲ.